ಹೊಲವೇ ನಕ್ಷೆಯಲ್ಲವೇ?

1607ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಪುಸ್ತಕವೊಂದರ ಮೊದಲ ಪುಟಗಳಲ್ಲೇ ರೈತನೊಬ್ಬ ಭೂಮಾಪಕನಿಗೆ ಎದುರಾಗುತ್ತಾನೆ. ನೀವು ಜಮೀನು ಅಳೆಯುವವರಲ್ಲವೇ ಎಂದು ವಿಚಾರಿಸುತ್ತಾನೆ. ಹೌದೆಂದು ತಿಳಿದದ್ದೇ ತಡ, ಮನಸ್ಸಿನಲ್ಲಿದ್ದುದನ್ನೆಲ್ಲ ಹೊರಗೆ ಹಾಕುತ್ತಾನೆ. ನೀವು ಕಾಲಿಟ್ಟ ಕಡೆ ಜನ ತಮ್ಮ ಭೂಮಿಯನ್ನು ಕಳೆದುಕೊಳ್ಳುತ್ತಾರೆ, ತಲೆತಲಾಂತರದಿಂದ ನಡೆದುಬಂದ ರೂಢಿಗಳು ಮುರಿಯುತ್ತವೆ, ತಾತನ ಕಾಲದ ಗೇಣಿ ಇದ್ದಕ್ಕಿದ್ದಂತೆ ಏರುತ್ತದೆ ಎಂಬುದು ಅವನ ದೂರಿನ ಸಾರ.

ಈ ಪುಸ್ತಕವನ್ನು ಬರೆದವನು ರೈತನಲ್ಲ, ರೈತರ ಪರವಾಗಿ ವಾದಿಸುವ ವಕೀಲನೂ ಅಲ್ಲ. ಜೀವನವಿಡೀ ಹೊಲ, ಕಾಡು, ಬೀಳುಗಳನ್ನು ಅಳೆದ ಜಾನ್ ನಾರ್ಡನ್ ಎಂಬ ಭೂಮಾಪಕ. ತನ್ನ ಕಸುಬನ್ನು ಜನಕ್ಕೆ ವಿವರಿಸಲು ಹೊರಟ ಮನುಷ್ಯ, ಆ ಕಸುಬಿನ ಮೇಲಿನ ಅತಿ ಕಠೋರವಾದ ಆಪಾದನೆಯನ್ನು ಮೊದಲ ಮಾತಾಗಿ ಇಟ್ಟಿದ್ದಾನೆ. ಅದನ್ನು ಮೂರ್ಖನೊಬ್ಬನ ಬಾಯಿಗೆ ಹಾಕಿ ಹಗುರಗೊಳಿಸಿಲ್ಲ. ಮಾತಾಡುವ ರೈತನಿಗೆ ತಿಳಿವಳಿಕೆ ಇದೆ, ಅನುಭವ ಇದೆ, ಕಾರಣವುಳ್ಳ ಭಯ ಇದೆ. ನಾಲ್ಕು ಶತಮಾನಗಳ ಹಿಂದಿನ ಈ ಭೂಮಾಪಕನ ಮೇಲೆ ನನಗೆ ಗೌರವ ಹುಟ್ಟಿದ್ದು ಇಲ್ಲಿಂದಲೇ.

ನಾರ್ಡನ್ ಹುಟ್ಟಿದ್ದು 1547ರ ಸುಮಾರಿಗೆ, ಇಂಗ್ಲೆಂಡಿನ ನೈಋತ್ಯದ ಸಾಮರ್ಸೆಟ್ ಸೀಮೆಯಲ್ಲಿ. ಆಕ್ಸ್‌ಫರ್ಡಿನ ಹಾರ್ಟ್ ಹಾಲ್‌ನಲ್ಲಿ ಓದಿ 1568ರಲ್ಲಿ ಬಿಎ, 1573ರಲ್ಲಿ ಎಂಎ ಪದವಿ ಪಡೆದ. ಮೊದಲು ಹೆಸರು ಮಾಡಿದ್ದು ಭಕ್ತಿಗ್ರಂಥಗಳಿಂದ. ಸಾಮಾನ್ಯ ಜನ ಮನೆಯಲ್ಲಿ ಓದಿಕೊಳ್ಳಲೆಂದು ಅವನು ಬರೆದ ಪ್ರಾರ್ಥನೆಗಳ ಪುಸ್ತಕ ದಶಕಗಟ್ಟಲೆ ಮತ್ತೆ ಮತ್ತೆ ಅಚ್ಚಾಯಿತು. ಪ್ರಾರ್ಥನೆ ಬರೆದ ನಾರ್ಡನ್ ಬೇರೆ, ನಕ್ಷೆ ಬರೆದ ನಾರ್ಡನ್ ಬೇರೆ ಎಂದು ಬಹುಕಾಲ ಕೆಲವರು ನಂಬಿದ್ದರು. ಇಬ್ಬರೂ ಒಬ್ಬನೇ ಎಂಬುದು ಈಗಿನ ವಿದ್ವಾಂಸರ ತೀರ್ಮಾನ. ಅವನ ಭೂಮಾಪನದ ಬರಹವನ್ನು ಓದಿದರೆ ಅದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ಎಕರೆ, ಕೋಲು, ಗಡಿಗಳ ಲೆಕ್ಕದ ನಡುವೆಯೂ ಪಾಪ, ನ್ಯಾಯ, ಆತ್ಮಸಾಕ್ಷಿಗಳ ಮಾತು ಅವನನ್ನು ಬಿಟ್ಟು ಹೋಗುವುದಿಲ್ಲ.

ಅವನ ಕಾಲವನ್ನು ಸ್ವಲ್ಪ ನೋಡಬೇಕು. 1536ರಿಂದ 1540ರ ನಡುವೆ ಎಂಟನೆಯ ಹೆನ್ರಿ ಇಂಗ್ಲೆಂಡಿನ ಮಠಗಳನ್ನೆಲ್ಲ ಮುಚ್ಚಿಸಿ, ಅವುಗಳ ಅಪಾರ ಭೂಮಿಯನ್ನು ಅರಮನೆಯ ವಶಕ್ಕೆ ತೆಗೆದುಕೊಂಡ. ಅದರಲ್ಲಿ ಬಹುಪಾಲು ಕೆಲವೇ ದಶಕಗಳಲ್ಲಿ ಮಾರಾಟವಾಯಿತು. ಕೊಂಡವರಿಗೆ ತಾವು ಕೊಂಡದ್ದು ಎಲ್ಲಿದೆ, ಎಷ್ಟಿದೆ, ಯಾರು ಉಳುತ್ತಿದ್ದಾರೆ ಎಂಬುದೇ ಗೊತ್ತಿರಲಿಲ್ಲ. ಇದೇ ಶತಮಾನದಲ್ಲಿ ದವಸ, ಉಣ್ಣೆ, ಕೂಲಿ ಎಲ್ಲದರ ಬೆಲೆ ಏರಿತು. ಆದರೆ ರೂಢಿಯ ಗೇಣಿ ನಿಂತಲ್ಲೇ ನಿಂತಿತ್ತು. ಆ ದೇಶದಲ್ಲಿ ಒಬ್ಬ ಒಡೆಯನ ಕೈಕೆಳಗಿನ ಭೂಮಿ ಮತ್ತು ಅದರ ಒಕ್ಕಲುಗಳನ್ನು ಸೇರಿಸಿ ಮ್ಯಾನರ್ ಎನ್ನುತ್ತಿದ್ದರು. ಮ್ಯಾನರಿನ ನ್ಯಾಯಸಭೆಯ ಕಡತದಲ್ಲಿ ಹೆಸರು ದಾಖಲಾಗಿದ್ದು, ಅದರ ನಕಲು ಕೈಯಲ್ಲಿದ್ದ ಒಕ್ಕಲನ್ನು ಸುಲಭವಾಗಿ ಎಬ್ಬಿಸುವಂತಿರಲಿಲ್ಲ, ಅವನ ಗೇಣಿಯನ್ನು ಮನಬಂದಂತೆ ಏರಿಸುವಂತೆಯೂ ಇರಲಿಲ್ಲ. ಒಡೆಯನಿಗೆ ಆದಾಯ ಹೆಚ್ಚಬೇಕಾದರೆ ಕಡತದಲ್ಲಿ ಸಡಿಲು ಹುಡುಕಬೇಕು. ಒತ್ತುವರಿಯಾದ ಬೀಳು, ಅವಧಿ ಮುಗಿದ ಹಕ್ಕು, ತಪ್ಪು ಬರೆದ ವಿಸ್ತೀರ್ಣ, ಹೀಗೆ ಏನಾದರೂ ಸಿಗಬೇಕು. ಅದನ್ನು ಹುಡುಕಿಕೊಡುವವನೇ ಭೂಮಾಪಕ. ರೈತನ ಭಯ ಸುಮ್ಮನೆ ಹುಟ್ಟಿದ್ದಲ್ಲ.

ಆ ಕಾಲದ ಭೂಮಾಪಕನ ಕೆಲಸ ಸರಪಳಿ ಎಳೆಯುವುದರಿಂದ ಆರಂಭವಾಗುತ್ತಿರಲಿಲ್ಲ. ಮೊದಲು ಸಭೆ ಸೇರಿಸಬೇಕು. ಒಕ್ಕಲುಗಳೆಲ್ಲ ತಮ್ಮ ಕಾಗದಪತ್ರಗಳೊಡನೆ ಬರಬೇಕು. ಅವರಲ್ಲೇ ಕೆಲವರನ್ನು ಪಂಚರಾಗಿ ಆರಿಸಿ ಪ್ರಮಾಣ ಮಾಡಿಸಿ, ಊರಿನ ಎಲ್ಲೆ ಯಾವುದು, ಗೋಮಾಳದ ಹಕ್ಕು ಯಾರಿಗೆ, ಸೌದೆ ಕಡಿಯಲು ಯಾರಿಗೆ ಅನುಮತಿ, ಹಳೆಯ ಗೇಣಿ ಎಷ್ಟು ಎಂದು ಒಂದೊಂದಾಗಿ ಕೇಳಬೇಕು. ಲ್ಯಾಟಿನ್ನಿನಲ್ಲಿ ಬರೆದ ಹಳೆಯ ಕಡತಗಳನ್ನು ಓದಬೇಕು. ಆಮೇಲೆ ಹೊಲಕ್ಕೆ ಇಳಿಯುವುದು. ಬರಿಯ ಅಳತೆ ಬಲ್ಲವನು ಭೂಮಾಪಕನಲ್ಲ ಎಂದು ನಾರ್ಡನ್ ಖಚಿತವಾಗಿ ನಂಬಿದ್ದ. ಅವನ ದೃಷ್ಟಿಯಲ್ಲಿ ಭೂಮಾಪಕನಿಗೆ ಕಾನೂನು ಗೊತ್ತಿರಬೇಕು, ಮಣ್ಣು ಗೊತ್ತಿರಬೇಕು, ಎಲ್ಲಕ್ಕಿಂತ ಮಿಗಿಲಾಗಿ ಲಂಚಕ್ಕೆ ಕೈಯೊಡ್ಡದ ಗುಣ ಇರಬೇಕು.

ಅಳತೆಯಲ್ಲಿಯೂ ತೊಡಕುಗಳಿದ್ದವು. ಇಂಗ್ಲೆಂಡಿನ ಶಾಸನಬದ್ಧ ಕೋಲು ಹದಿನಾರೂವರೆ ಅಡಿ. ಅಂಥ 160 ಚದರ ಕೋಲು ಸೇರಿದರೆ ಒಂದು ಎಕರೆ. ಆದರೆ ಸೀಮೆಯಿಂದ ಸೀಮೆಗೆ ಕೋಲು ಬೇರೆಯಾಗುತ್ತಿತ್ತು. 18 ಅಡಿಯ ಕೋಲು ಬಳಸುವ ಕಡೆಗಳಿದ್ದವು, ಕಾಡು ಅಳೆಯುವಾಗ ಇನ್ನೂ ಉದ್ದದ ಕೋಲು ಹಿಡಿಯುವ ವಾಡಿಕೆಯೂ ಇತ್ತು. ನಮ್ಮ ಹಳೆಯ ಕಲ್ಲುಬರಹಗಳಲ್ಲಿ ಮತ್ತರು, ಕಮ್ಮ ಎಂಬ ನೆಲದ ಅಳತೆಗಳ ಜೊತೆಗೆ ಇಂಥ ಕೋಲಿನಿಂದ ಅಳೆದದ್ದು ಎಂದು ಬಿಡಿಸಿ ಹೇಳುವುದನ್ನು ಓದಿದವರಿಗೆ ಈ ಗೋಜಲು ಹೊಸದೇನಲ್ಲ. ಸೆಣಬಿನ ಹಗ್ಗ ಹಿಡಿದು ಅಳೆದರೆ ಇಬ್ಬನಿಯಲ್ಲಿ ನೆನೆದು ಹಗ್ಗ ಗಿಡ್ಡವಾಗುತ್ತದೆ, ಬಿಸಿಲೇರಿದಂತೆ ಮತ್ತೆ ಉದ್ದವಾಗುತ್ತದೆ. ಬೆಳಗ್ಗೆ ಅಳೆದ ಹೊಲಕ್ಕೂ ಮಧ್ಯಾಹ್ನ ಅಳೆದ ಹೊಲಕ್ಕೂ ನ್ಯಾಯ ಬೇರೆಯಾಗುತ್ತದೆ.

ಮತ್ತೆ ಆ ಸಂವಾದಕ್ಕೆ ಬರುತ್ತೇನೆ. ರೈತನ ದೂರಿಗೆ ಪುಸ್ತಕದ ಭೂಮಾಪಕ ಕೊಡುವ ಉತ್ತರಗಳಲ್ಲಿ ಎರಡು ನನ್ನನ್ನು ಬಹಳ ಕಾಡಿದವು. ಮೊದಲನೆಯದು, ಸತ್ಯವಂತ ಒಕ್ಕಲಿಗೆ ಅಳತೆಯೇ ರಕ್ಷಣೆ ಎಂಬ ಮಾತು. ಎಲ್ಲೆ ಗೊತ್ತಾದರೆ ನೆರೆಯವನು ಒತ್ತುವಂತಿಲ್ಲ, ಹಕ್ಕು ದಾಖಲಾದರೆ ನಾಳೆ ಒಡೆಯನ ಮಗ ಇಲ್ಲವೆನ್ನುವಂತಿಲ್ಲ. ಮುಚ್ಚಿಡಲು ಏನೂ ಇಲ್ಲದವನು ಹೆದರಬೇಕಾಗಿಲ್ಲ. ಎರಡನೆಯದು, ಗೇಣಿ ಏರುವುದಕ್ಕೆ ರೈತರೇ ಕಾರಣ ಎಂಬ ಮರುದೂರು. ಗೇಣಿಗೆ ಭೂಮಿ ಕೊಡುವ ಸಭೆಗಳಲ್ಲಿ ಒಬ್ಬರ ಮೇಲೊಬ್ಬರು ಹುಚ್ಚು ಹಿಡಿದವರಂತೆ ಬೆಲೆ ಕೂಗುವುದನ್ನು ತಾನು ಕಣ್ಣಾರೆ ಕಂಡಿದ್ದೇನೆ ಎಂದು ಭೂಮಾಪಕ ಹೇಳುತ್ತಾನೆ. ಪ್ರತಿ ಮ್ಯಾನರೂ ಒಂದು ಪುಟ್ಟ ರಾಜ್ಯ, ಭೂಮಿ ಅದರ ದೇಹ, ಒಕ್ಕಲುಗಳು ಅವಯವಗಳು, ಒಡೆಯ ತಲೆ ಎಂಬ ಚಿತ್ರವನ್ನೂ ಅವನು ಮುಂದಿಡುತ್ತಾನೆ.

ಮೊದಲ ಉತ್ತರದಲ್ಲಿ ನಿಜ ಇದೆ. ಬರಹದಲ್ಲಿ ಇಲ್ಲದ ಹಕ್ಕನ್ನು ಬಲವಂತ ತಿಂದುಹಾಕುವುದನ್ನು ನಾವೂ ಕಂಡಿದ್ದೇವೆ. ಆದರೆ ಆ ಉತ್ತರ ಅಲ್ಲಿಗೆ ನಿಲ್ಲುವುದು ಸಾಲದು. ಅಳೆಯಲು ಕರೆಸಿದವನು ಒಡೆಯ, ಸಂಬಳ ಕೊಡುವವನು ಒಡೆಯ, ಕೊನೆಗೆ ನಕ್ಷೆ ಹೋಗಿ ಸೇರುವುದೂ ಒಡೆಯನ ಪೆಟ್ಟಿಗೆಯನ್ನೇ. ಅಳತೆ ಸರಿಯಾಗಿಯೇ ಇರಬಹುದು. ಅದನ್ನು ಬಿಚ್ಚಿ ನೋಡುವ ಅಧಿಕಾರ ಒಬ್ಬನಿಗೆ ಮಾತ್ರ ಇದ್ದರೆ ಮುಚ್ಚಿಡಲು ಏನೂ ಇಲ್ಲದ ಒಕ್ಕಲೂ ಹೆದರಬೇಕಾಗುತ್ತದೆ. ಎರಡನೆಯ ಉತ್ತರದ ಬಗ್ಗೆ ನನಗೆ ಇನ್ನೂ ಹೆಚ್ಚಿನ ತಕರಾರಿದೆ. ಭೂಮಿ ಕಡಿಮೆಯಾಗಿ ಬಾಯಿ ಹೆಚ್ಚಾದ ಊರಿನಲ್ಲಿ ಜನ ಮೈಮೇಲೆ ಬಿದ್ದು ಬೆಲೆ ಕೂಗಿದರೆ ಅದನ್ನು ದುರಾಸೆ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಕೂಗದಿದ್ದರೆ ಮುಂದಿನ ವರ್ಷ ಉಳುವುದಕ್ಕೆ ನೆಲವೇ ಇರುವುದಿಲ್ಲ ಎಂಬುದು ಆ ರೈತರಿಗೆ ಗೊತ್ತಿತ್ತು.

ಪುಸ್ತಕ ಅಚ್ಚಾದ ಅದೇ 1607ರಲ್ಲಿ ಇಂಗ್ಲೆಂಡಿನ ನಡುನಾಡು ಹೊತ್ತಿಕೊಂಡಿತು. ಒಡೆಯರು ಊರಿನ ಬಯಲುಗಳಿಗೆ ಬೇಲಿ ಹಾಕಿ, ಉಳುಮೆ ಬಿಡಿಸಿ, ಕುರಿ ಮೇಯಿಸಲು ಹೊರಟಿದ್ದರು. ನಾರ್ಥಾಂಪ್ಟನ್‌ಶೈರ್, ವಾರಿಕ್‌ಶೈರ್, ಲೆಸ್ಟರ್‌ಶೈರ್ ಸೀಮೆಗಳಲ್ಲಿ ಸಾವಿರಾರು ಜನ ಗುದ್ದಲಿ ಹಿಡಿದು ಬೇಲಿ ಕಿತ್ತರು, ಕಂದಕ ಮುಚ್ಚಿದರು. ಜಾನ್ ರೆನಾಲ್ಡ್ಸ್ ಎಂಬವನು ಅವರ ಮುಂದಾಳು. ಸೊಂಟದಲ್ಲಿ ದೊಡ್ಡ ಚೀಲವೊಂದನ್ನು ಕಟ್ಟಿಕೊಂಡಿದ್ದರಿಂದ ಅವನನ್ನು ಕ್ಯಾಪ್ಟನ್ ಪೌಚ್ ಎಂದು ಕರೆಯುತ್ತಿದ್ದರು. ಎಲ್ಲರನ್ನೂ ಕಾಯುವ ವಸ್ತು ಈ ಚೀಲದಲ್ಲಿದೆ ಎಂದು ಅವನು ಜನಕ್ಕೆ ಧೈರ್ಯ ಹೇಳುತ್ತಿದ್ದ. ಹಿಡಿದು ಬಿಚ್ಚಿ ನೋಡಿದಾಗ ಅದರಲ್ಲಿದ್ದದ್ದು ಒಂದು ತುಂಡು ಚೀಸ್. ಜೂನ್ 8ರಂದು ನಾರ್ಥಾಂಪ್ಟನ್‌ಶೈರಿನ ನ್ಯೂಟನ್ ಎಂಬ ಹಳ್ಳಿಯಲ್ಲಿ ಜಮೀನುದಾರರ ಕುದುರೆ ಸವಾರರು ಆ ಗುಂಪಿನ ಮೇಲೆ ಬಿದ್ದರು. ನಲವತ್ತು ಐವತ್ತು ಮಂದಿ ಸತ್ತರು, ಮುಂದಾಳುಗಳನ್ನು ಗಲ್ಲಿಗೇರಿಸಲಾಯಿತು. ನಾರ್ಥಾಂಪ್ಟನ್‌ಶೈರ್ ನಾರ್ಡನ್ನನಿಗೆ ಚೆನ್ನಾಗಿ ಗೊತ್ತಿದ್ದ ಸೀಮೆ. 1590ರ ದಶಕದ ಆರಂಭದಲ್ಲೇ ಅದನ್ನು ಸುತ್ತಿ ಅದರ ವರ್ಣನೆಯನ್ನು ಬರೆದಿದ್ದ. ಅವನ ಪುಸ್ತಕದ ರೈತ ಯಾವ ಧ್ವನಿಯಲ್ಲಿ ಮಾತಾಡುತ್ತಾನೋ ಅದೇ ಧ್ವನಿ ಆ ವರ್ಷ ಬೇಲಿ ಕೀಳುತ್ತಿತ್ತು.

ಇದೇ ಗ್ರಂಥದ ಇನ್ನೊಂದು ಕಡೆ ಮ್ಯಾನರಿನ ಪಾರುಪತ್ಯಗಾರ ಭೂಮಾಪಕನನ್ನು ಕೇಳುವ ಪ್ರಶ್ನೆ ಇದೆ: ಒಡೆಯ ನೋಡುವುದಕ್ಕೆ ಹೊಲವೇ ಸೊಗಸಾದ ನಕ್ಷೆಯಲ್ಲವೇ, ಬಣ್ಣ ಬಳಿದ ಕಾಗದ ಏಕೆ ಬೇಕು? ಭೂಮಾಪಕ ಉತ್ತರಿಸುತ್ತಾನೆ: ಸರಿಯಾಗಿ ಬರೆದ ನಕ್ಷೆಯಿದ್ದರೆ ಒಡೆಯ ತನ್ನ ಕುರ್ಚಿಯಲ್ಲಿ ಕುಳಿತೇ ತನ್ನದು ಏನು, ಎಲ್ಲಿದೆ, ಯಾವ ತುಂಡು ಯಾರ ಅನುಭೋಗದಲ್ಲಿದೆ ಎಂದು ಒಂದೇ ನೋಟದಲ್ಲಿ ಕಾಣಬಹುದು. ಈ ಎರಡು ಮಾತುಗಳನ್ನು ನಾನು ಎಷ್ಟೋ ಸಲ ಹಿಂದಿರುಗಿ ಓದಿದ್ದೇನೆ. ಅಲ್ಲಿಯವರೆಗೆ ಭೂಮಿಯನ್ನು ತಿಳಿಯಬೇಕಾದವನು ಅದರ ಮೇಲೆ ನಡೆಯಬೇಕಿತ್ತು. ನಡೆದವನು ಊರಿನವರ ಮುಖ ನೋಡಬೇಕಿತ್ತು, ಅವರ ಮಾತು ಕೇಳಬೇಕಿತ್ತು. ಕುರ್ಚಿಯಲ್ಲಿ ಕುಳಿತು ತಿಳಿಯುವ ದಾರಿ ತೆರೆದ ಮೇಲೆ ಆ ಅಗತ್ಯ ಉಳಿಯಲಿಲ್ಲ. ನಾರ್ಡನ್ ಇದನ್ನು ತನ್ನ ವಿದ್ಯೆಯ ಹಿರಿಮೆಯೆಂದೇ ಹೇಳುತ್ತಾನೆ, ನಿಜ. ಆದರೂ ಪಾರುಪತ್ಯಗಾರನ ಪ್ರಶ್ನೆಯನ್ನು ಅಳಿಸದೆ ಅಚ್ಚಿಗೆ ಕೊಟ್ಟವನೂ ಅವನೇ.

ನಾನು ಬೆಳೆದ ಊರಿನಲ್ಲಿ ಮೋಜಿಣಿದಾರರು ಬರುತ್ತಾರೆಂದರೆ ಮನೆಯ ಹಿರಿಯರು ಹಿಂದಿನ ದಿನವೇ ಬಾಂದು ಕಲ್ಲುಗಳ ಸುತ್ತ ಹಬ್ಬಿದ ಲಂಟಾನ ಕಡಿದು ದಾರಿ ಮಾಡುತ್ತಿದ್ದರು. ನೋಟಿಸು ಪಡೆದ ಪಕ್ಕದ ಹೊಲದವರೂ ಬಂದು ಬದುವಿನ ಮೇಲೆ ನಿಲ್ಲುತ್ತಿದ್ದರು. ಸರಪಳಿ ನೆಲಕ್ಕೆ ಬಿದ್ದ ಮೇಲೆ ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ. ಆ ಸರಪಳಿಯ ಮೂಲ ನಾರ್ಡನ್ನನ ಕೊನೆಯ ವರ್ಷಗಳಿಗೆ ಹೋಗುತ್ತದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಲಂಡನ್ನಿನ ಗ್ರೆಷಮ್ ಕಾಲೇಜಿನಲ್ಲಿ ಖಗೋಳಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಎಡ್ಮಂಡ್ ಗಂಟರ್ 1620ರ ದಶಕದ ಆರಂಭದಲ್ಲಿ 66 ಅಡಿಯ, 100 ಕೊಂಡಿಗಳ ಸರಪಳಿಯೊಂದನ್ನು ರೂಪಿಸಿದ. ಹಳೆಯ ನಾಲ್ಕು ಕೋಲಿನ ಉದ್ದ ಅದರಲ್ಲಿ ಹಾಗೆಯೇ ಉಳಿಯಿತು. ಹತ್ತು ಚದರ ಸರಪಳಿಗೆ ಒಂದು ಎಕರೆ ಬರುವುದರಿಂದ ಲೆಕ್ಕ ದಶಮಾಂಶದಲ್ಲಿ ಸಲೀಸಾಯಿತು. ಬ್ರಿಟಿಷರ ಮುಂಬಯಿ ಆಧಿಪತ್ಯದ ಕಂದಾಯ ಮೋಜಿಣಿಯಲ್ಲಿ ಅದರ ಸರಿಯರ್ಧ, ಅಂದರೆ 33 ಅಡಿಯ ಸರಪಳಿ ಬಳಕೆಗೆ ಬಂತು. ಅದನ್ನು ಹದಿನಾರು ಆಣೆಗಳಾಗಿ ಭಾಗಿಸಿದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1836ರಲ್ಲಿ ಪುಣೆಯ ಬಳಿಯ ಇಂದಾಪುರದಲ್ಲಿ ಆರಂಭಿಸಿದ ಆ ಪದ್ಧತಿ 1840ರ ದಶಕದಲ್ಲಿ ಧಾರವಾಡ ಸೀಮೆಗೆ ಬಂತು. 1863ರಲ್ಲಿ ಮೈಸೂರು ಸಂಸ್ಥಾನದ ಮೋಜಿಣಿಯೂ ಅದೇ ಮಾದರಿಯಲ್ಲಿ ಮೊದಲಾಯಿತು. ಇಂದು ನಮ್ಮ ಪಹಣಿಯಲ್ಲಿ ಕಾಣುವ ಎಕರೆ-ಗುಂಟೆಯ ಅಂಕಿಗಳಲ್ಲಿ ಇಂಗ್ಲೆಂಡಿನ ಆ ಹದಿನಾರೂವರೆ ಅಡಿಯ ಕೋಲು ಸೇರಿಕೊಂಡಿದೆ: ಗುಂಟೆಯ ಪ್ರತಿ ಬದಿಯೂ ಎರಡು ಕೋಲು. ಸರಪಳಿಯ ಜೊತೆಗೆ ಬಂದ ಭಯವೂ, ಭರವಸೆಯೂ ಅಲ್ಲಿನವೇ ಇಲ್ಲಿಗೂ ಬಂದವು ಎಂದು ನನಗೆ ಅನ್ನಿಸುತ್ತದೆ. ಹಿಡುವಳಿ ಬೇರ್ಪಡಿಸುವ ಪೋಡಿಗಾಗಿ, ಎಲ್ಲೆ ಗುರುತಿಸುವ ಹದ್ದುಬಸ್ತಿಗಾಗಿ ಅರ್ಜಿ ಹಿಡಿದು ನಿಂತ ರೈತ ಭೂಮಾಪಕನನ್ನು ಬೇಡಿಕೊಳ್ಳುತ್ತಾನೆ. ಅದೇ ರೈತ ತನ್ನ ಹಿಡುವಳಿ ದಾಖಲೆಗಿಂತ ಎರಡು ಗುಂಟೆ ಹೆಚ್ಚು ಬಂದೀತೆಂದು ಅಂಜುತ್ತಾನೆ.

ನಾರ್ಡನ್ ಬರೀ ವಾದ ಮಾಡುವವನಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅವನಿಗೆ ನೆಲದ ಮೇಲೆ ಪ್ರೀತಿ ಇತ್ತು. ತಾನು ಹುಟ್ಟಿದ ಸೀಮೆಯ ಟಾಂಟನ್ ಕಣಿವೆಯ ರೈತರು ಗೋಧಿಯ ಹೊಲವನ್ನು ಹೇಗೆ ಆರೈಕೆ ಮಾಡುತ್ತಾರೆಂದು ಹೇಳುತ್ತ ಅದನ್ನು ಇಂಗ್ಲೆಂಡಿನ ಸ್ವರ್ಗವೆಂದೇ ಕರೆದ. ಸಫೊಕ್ ಕರಾವಳಿಯ ಆರ್ಫರ್ಡ್ ಸುತ್ತಿನ ಮರಳು ನೆಲದಲ್ಲಿ ಗಜ್ಜರಿ ಚೆನ್ನಾಗಿ ಬರುವುದನ್ನು ಗುರುತಿಸಿದ. ಅಲ್ಲಿನ ಜಹಗೀರೊಂದನ್ನು 1600-01ರಲ್ಲಿ ಅವನೇ ಅಳೆದು ನಕ್ಷೆ ಮಾಡಿದ್ದ. ಕಡಲ ಕಳೆಯನ್ನು ಗೊಬ್ಬರ ಮಾಡುವುದು, ಸುಣ್ಣದ ಮಣ್ಣನ್ನು ಹೊಲಕ್ಕೆ ಹಾಕುವುದು, ಬೇಲಿಯ ಸಾಲಿನಲ್ಲಿ ಹಣ್ಣಿನ ಮರ ನೆಡುವುದು, ಯಾವ ಜೌಗಿನಲ್ಲಿ ಯಾವ ಹುಲ್ಲು ಬೆಳೆಯುತ್ತದೆ ಎಂಬುದು, ಇವೆಲ್ಲ ಅವನ ಬರಹದಲ್ಲಿ ಹೊಲದ ಬದುವಿನ ಮೇಲೆ ನಿಂತು ಮಾತಾಡಿದಂತೆ ಬರುತ್ತವೆ. ಕಾಡು ಕರಗುತ್ತಿರುವುದನ್ನು ಕಂಡು ಅವನು ಮರುಗಿದ್ದಾನೆ. ಸಸೆಕ್ಸ್ ಸೀಮೆಯಲ್ಲಿ ಕಬ್ಬಿಣದ ಕುಲುಮೆ ಮತ್ತು ಸುತ್ತಿಗೆಗಳು ಸುಮಾರು 140 ಇವೆಯೆಂದು ಬರೆದು, ಅವು ಹಗಲಿರುಳು ನುಂಗುವ ಇದ್ದಿಲಿಗೆ ಎಷ್ಟು ಮರ ಬೀಳಬೇಕೆಂದು ಓದುಗನನ್ನು ಯೋಚನೆಗೆ ಹಚ್ಚುತ್ತಾನೆ. 1607ರಲ್ಲಿ ಇದನ್ನು ಕಾಣಬಲ್ಲ ಕಣ್ಣು ಎಷ್ಟು ಜನರಿಗಿತ್ತು?

ಸರ್ಕಾರಿ ಕೆಲಸವೂ ಅವನಿಗೆ ಸಿಕ್ಕಿತು. 1600ರ ಸುಮಾರಿಗೆ ಅರಮನೆಯ ಕಾಡುಗಳ ಮೋಜಿಣಿ, 1605ರಲ್ಲಿ ಕಾರ್ನ್‌ವಾಲ್ ಡಚಿ ಎಂಬ ರಾಜಮನೆತನದ ಜಹಗೀರಿನ ಭೂಮಾಪಕನ ಹುದ್ದೆ. 1607ರಲ್ಲೇ ವಿಂಡ್ಸರ್ ಅರಮನೆಯ ಸುತ್ತಿನ ಉದ್ಯಾನ, ಬೇಟೆಗಾಡುಗಳನ್ನೆಲ್ಲ ಚರ್ಮದ ಹಾಳೆಯ ಮೇಲೆ ಬಣ್ಣದಲ್ಲಿ ಬರೆದು ದೊರೆ ಒಂದನೆಯ ಜೇಮ್ಸನಿಗೆ ಒಪ್ಪಿಸಿದ. ಆ ನಕ್ಷೆಗಳಲ್ಲಿ ಜಿಂಕೆಗಳು ಓಡಾಡುತ್ತಿವೆ. ಅದೇ ಹೆಸರಿನ ಮಗನೂ ಅವನ ಕಸುಬನ್ನೇ ಹಿಡಿದ. ಈ ಕೆಲಸಗಳಲ್ಲಿ ಅವನು ಅರಮನೆಗೆ ಸೇರಬೇಕಾದ ಒತ್ತುವರಿಗಳನ್ನು ಹುಡುಕಿ ಹುಡುಕಿ ಪಟ್ಟಿ ಮಾಡಿದ. ಪುಸ್ತಕದ ರೈತ ಹೆದರಿದ್ದು ಇದಕ್ಕೇ.

ಅವನ ನಿಜವಾದ ಕನಸು ಬೇರೆಯಿತ್ತು. ಯಾರ್ಕ್‌ಶೈರಿನ ಕ್ರಿಸ್ಟೋಫರ್ ಸ್ಯಾಕ್ಸ್ಟನ್ 1579ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಎಲ್ಲ ಸೀಮೆಗಳ ನಕ್ಷೆಗಳನ್ನು ಒಂದು ಗ್ರಂಥವಾಗಿ ಹೊರತಂದಿದ್ದ. ಅದು ಮಹಾಸಾಹಸ. ಆದರೆ ಅದರಲ್ಲಿ ನದಿ, ಸೇತುವೆ, ಬೆಟ್ಟ, ಊರುಗಳಿದ್ದವೇ ಹೊರತು ರಸ್ತೆಗಳಿರಲಿಲ್ಲ. ಒಂದೊಂದು ಸೀಮೆಗೂ ನಕ್ಷೆ, ಇತಿಹಾಸ, ವರ್ಣನೆ ಸೇರಿದ ಚಿಕ್ಕ ಪುಸ್ತಕವನ್ನು ಕೊಡಬೇಕೆಂದು ನಾರ್ಡನ್ ಹೊರಟ. 1593ರಲ್ಲಿ ರಾಣಿ ಎಲಿಜಬೆತ್‌ಳ ಆಡಳಿತ ಮಂಡಳಿ ಅವನಿಗೆ ದೇಶ ಸುತ್ತಲು ಅನುಮತಿ ಕೊಟ್ಟಿತು. ಅದೇ ವರ್ಷ ಮಿಡ್ಲ್‌ಸೆಕ್ಸ್ ಬಂತು, 1598ರಲ್ಲಿ ಹಾರ್ಟ್‌ಫರ್ಡ್‌ಶೈರ್ ಬಂತು. ಅವನ ನಕ್ಷೆಗಳಲ್ಲಿ ರಸ್ತೆಗಳಿದ್ದವು, ಚಿಹ್ನೆಗಳ ವಿವರಣೆಯಿತ್ತು. ಅಂಚಿನಲ್ಲಿ ಅಕ್ಷರ ಮತ್ತು ಅಂಕಿಗಳನ್ನು ಕೊಟ್ಟು ಊರನ್ನು ಸುಲಭವಾಗಿ ಹುಡುಕುವ ಏರ್ಪಾಟೂ ಇತ್ತು. ಒಡೆಯನ ಕುರ್ಚಿಗೆಂದಲ್ಲ, ದಾರಿಹೋಕನ ಕೈಗೆಂದು ಮಾಡಿದ ಕೆಲಸ ಇದು. ಅನುಮತಿ ಕೊಟ್ಟವರು ಹಣ ಕೊಡಲಿಲ್ಲ. ಆಸರೆಯಾಗಿದ್ದ ರಾಣಿಯ ಮಂತ್ರಿ ಬರ್ಲಿ ಪ್ರಭು 1598ರಲ್ಲಿ ತೀರಿಕೊಂಡ. ನಾರ್ಡನ್ ಅರ್ಜಿಯ ಮೇಲೆ ಅರ್ಜಿ ಬರೆದ. ಯೋಜನೆ ಅಲ್ಲಿಗೇ ನಿಂತಿತು. ಕೈಬರಹದಲ್ಲಿ ಉಳಿದ ನಾರ್ಥಾಂಪ್ಟನ್‌ಶೈರ್ 1720ರಲ್ಲಿ, ಕಾರ್ನ್‌ವಾಲ್ 1728ರಲ್ಲಿ, ಎಸೆಕ್ಸ್ 1840ರಲ್ಲಿ ಅಚ್ಚಾದವು. 1611ರಲ್ಲಿ ತನ್ನ ಪ್ರಸಿದ್ಧ ನಕ್ಷೆಗಳ ಗ್ರಂಥವನ್ನು ಹೊರತಂದ ಜಾನ್ ಸ್ಪೀಡ್, ಸ್ಯಾಕ್ಸ್ಟನ್ ಮತ್ತು ನಾರ್ಡನ್ನರ ಶ್ರಮವನ್ನು ಧಾರಾಳವಾಗಿ ಬಳಸಿಕೊಂಡ. ಈ ಭಾಗವನ್ನು ಓದುವಾಗೆಲ್ಲ ನನಗೆ ಸಂಕಟವಾಗುತ್ತದೆ. ಇಡೀ ದೇಶವನ್ನು ಓದುಗರ ಕೈಗೆ ಕೊಡಬಲ್ಲವನಾಗಿದ್ದ ಮನುಷ್ಯ ಒಡೆಯರ ಗಡಿ ಅಳೆಯುತ್ತ ಹೊಟ್ಟೆ ಹೊರೆದ.

ಆದರೂ ಅವನು ಆ ಕೆಲಸವನ್ನು ಪೂರ್ತಿ ಬಿಡಲಿಲ್ಲ. 1625ರಲ್ಲಿ, ಬದುಕಿನ ಕೊನೆಯ ವರ್ಷದಲ್ಲಿ, ಪ್ರಯಾಣಿಕರಿಗಾಗಿ ಒಂದು ಕೈಪಿಡಿ ತಂದ. ಅದರಲ್ಲಿ ನಕ್ಷೆಗಳಿಲ್ಲ. ಪ್ರತಿ ಸೀಮೆಗೂ ಒಂದು ಕೋಷ್ಟಕ: ಮೇಲೆ ಊರುಗಳ ಹೆಸರು, ಪಕ್ಕದಲ್ಲಿ ಅವೇ ಊರುಗಳ ಹೆಸರು, ಎರಡು ಸಾಲು ಕೂಡುವ ಮನೆಯಲ್ಲಿ ಆ ಊರುಗಳ ನಡುವಿನ ಮೈಲಿಗಳ ಸಂಖ್ಯೆ. ರಸ್ತೆ ನಕ್ಷೆಗಳ ಪುಸ್ತಕಗಳಲ್ಲಿ ಇಂದಿಗೂ ಕಾಣುವ ತ್ರಿಕೋನಾಕಾರದ ದೂರದ ಪಟ್ಟಿಯನ್ನು ಮೊದಲು ಕಂಡುಹಿಡಿದವನು ಅವನು. ಬಳಸುವ ರೀತಿಯನ್ನು ತಿಳಿಸಿದ ಮೇಲೆ, ತಪ್ಪುಗಳಿದ್ದರೆ ಸಹಿಸಿಕೊಳ್ಳಿ, ಇದರ ಉಪಯೋಗ ಅಗತ್ಯವಾದದ್ದು ಎಂದು ಓದುಗರನ್ನು ಕೇಳಿಕೊಂಡಿದ್ದಾನೆ. ಹತ್ತು ವರ್ಷಗಳ ನಂತರ, 1635ರಲ್ಲಿ, ಯಾಕೊಬ್ ವ್ಯಾನ್ ಲ್ಯಾಂಗರೆನ್ ಎಂಬ ಕೆತ್ತನೆಗಾರ ಆ ಕೋಷ್ಟಕಗಳನ್ನು ತಾಮ್ರದ ಹಲಗೆಯ ಮೇಲೆ ಹೊಸದಾಗಿ ಕೆತ್ತಿದ. ತ್ರಿಕೋನದ ಪಕ್ಕದಲ್ಲಿ ಖಾಲಿ ಉಳಿದಿದ್ದ ಮೂಲೆಯಲ್ಲಿ ಆಯಾ ಸೀಮೆಯ ಪುಟಾಣಿ ನಕ್ಷೆಯೊಂದನ್ನು ಸೇರಿಸಿದ. ಪ್ರಯಾಣಿಕರ ಕೈಪಿಡಿಯಾಗಿ ಅದು ಮಾರಾಟವಾಯಿತು.